ಸಿಜೇರಿಯನ್ ಹೊಟ್ಟೆ: ಎರಡನೇ ಕತ್ತರಿಗೆ ಮುನ್ನ

‘ಸಿಜರ್ ಆಗಿ ಆರ್ ತಿಂಗಳಾತ್ರಿ, ಹೊಟ್ಟಿ ಇಳೀವಲ್ದು.’ ಬೆಳಗಾವಿ ಕಡೆಯ ಬಾಣಂತಿಯರ ಈ ಮಾತಿಗೆ ಹಿಂದೆ ಮನೆಯೊಳಗೇ ಉತ್ತರ ಸಿಗುತ್ತಿತ್ತು. ತಾಯಿಯೋ ಅತ್ತೆಯೋ ಹಳೆಯ ನೂಲಿನ ಸೀರೆಯನ್ನು ನಡುವಿಗೆ ಬಿಗಿಯಾಗಿ ಸುತ್ತಿ, ಅಂಟಿನ ಉಂಡೆ ಕೈಗಿಟ್ಟು, ‘ಕೂಸು ನಡಿಯೂ ಹೊತ್ತಿಗೆ ಎಲ್ಲಾ ಸರಿ ಆಗತೈತಿ ಬಿಡವಾ’ ಎನ್ನುತ್ತಿದ್ದರು. ಈಗ ಉತ್ತರ ಮೊಬೈಲಿನಿಂದ ಬರುತ್ತಿದೆ: ಟಮ್ಮಿ ಟಕ್, ಲೈಪೋಸಕ್ಷನ್, ಮಮ್ಮಿ ಮೇಕೋವರ್. ಜೊತೆಗೆ ಆಪರೇಷನ್ನಿಗೆ ಮೊದಲಿನ, ನಂತರದ ಜೋಡಿ ಫೋಟೊ, ತಿಂಗಳ ಕಂತಿನ ಆಮಿಷ. ಆ ಎರಡು ಫೋಟೊಗಳ ನಡುವಿನ ವಾರಗಳಲ್ಲಿ ಏನೇನಾಗಬಹುದು ಎಂಬುದನ್ನು ಜಾಹೀರಾತು ತೋರಿಸುವುದಿಲ್ಲ. ನನ್ನ ಆತಂಕ ಆ ವಾರಗಳ ಬಗ್ಗೆ.

ಈ ಆತಂಕಕ್ಕೆ ಲೆಕ್ಕದ ಆಧಾರವಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 2015-16ರಲ್ಲಿ ಕರ್ನಾಟಕದ ಹೆರಿಗೆಗಳಲ್ಲಿ ಶೇ. 23.6ರಷ್ಟು ಸಿಜೇರಿಯನ್ ಆಗಿದ್ದವು. 2019-21ರ ಸಮೀಕ್ಷೆಯಲ್ಲಿ ಅದು ಶೇ. 31.5ಕ್ಕೆ ಏರಿತು; ದೇಶದ ಸರಾಸರಿ ಆಗ ಶೇ. 21.5. ಸಮುದಾಯದ ಮಟ್ಟದಲ್ಲಿ ಈ ಪ್ರಮಾಣ ಶೇ. 10 ದಾಟಿದ ಮೇಲೆ ತಾಯಿ-ಮಕ್ಕಳ ಸಾವು ಮತ್ತಷ್ಟು ಇಳಿಯುವುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ಅಂದರೆ ಅಗತ್ಯವಿಲ್ಲದೆ ಕೊಯ್ಯಿಸಿಕೊಂಡ ಹೊಟ್ಟೆಗಳೂ ಈ ಲೆಕ್ಕದಲ್ಲಿ ಸೇರಿವೆ.

ಅದೇ ಸಮೀಕ್ಷೆಯ ಇನ್ನೊಂದು ಅಂಕಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ರಾಜ್ಯದ 15ರಿಂದ 49 ವರ್ಷದ ವಿವಾಹಿತ ಮಹಿಳೆಯರಲ್ಲಿ ಶೇ. 57.4ರಷ್ಟು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಎರಡನೇ ಸಿಜೇರಿಯನ್ನಿನ ಹೊತ್ತಿಗೇ ‘ಆಪರೇಷನ್ನೂ ಮುಗಿಸಿಬಿಡ್ರಿ’ ಎನ್ನುವುದು ನಮ್ಮಲ್ಲಿ ರೂಢಿ. ಟಮ್ಮಿ ಟಕ್‌ಗೆ ಮೊದಲು ಪ್ಲಾಸ್ಟಿಕ್ ಸರ್ಜನ್ ಕೇಳುವ ಪ್ರಶ್ನೆ, ‘ಇನ್ನು ಮಕ್ಕಳು ಬೇಡವೇ?’ ಅದಕ್ಕೆ ‘ಬೇಡ’ ಎನ್ನುವ ಉತ್ತರ ಬೇರೆ ದೇಶಗಳಲ್ಲಿ ಬಹುಪಾಲು ಮೂವತ್ತು ದಾಟಿದವರಿಂದ ಬಂದರೆ, ನಮ್ಮ ಹೆಣ್ಣುಮಕ್ಕಳು ಇಪ್ಪತ್ತೈದಕ್ಕೇ ಕೊಡಬಲ್ಲರು. ವಯಸ್ಸು ಚಿಕ್ಕದು, ಸಂಖ್ಯೆ ದೊಡ್ಡದು. ಮಾರುಕಟ್ಟೆಗೆ ಇದಕ್ಕಿಂತ ಹೆಚ್ಚೇನು ಬೇಕು?

ಮೊದಲು ಆ ಹೊಟ್ಟೆಯೊಳಗೆ ಏನಾಗಿದೆ ನೋಡೋಣ. ಸಿಜೇರಿಯನ್‌ನಲ್ಲಿ ಸಾಮಾನ್ಯವಾಗಿ ಕಿಬ್ಬೊಟ್ಟೆಯ ಚರ್ಮವನ್ನು ಅಡ್ಡಡ್ಡ ಕೊಯ್ದು, ಒಳಗಿನ ನೇರ ಸ್ನಾಯುಗಳನ್ನು ಕತ್ತರಿಸದೆ ಪಕ್ಕಕ್ಕೆ ಸರಿಸುತ್ತಾರೆ. ಹೊಟ್ಟೆ ಜೋಲಲು ಮುಖ್ಯ ಕಾರಣ ಬಸಿರೇ. ಎದೆಗೂಡಿನಿಂದ ಕೆಳಕ್ಕಿಳಿಯುವ ಎರಡು ಸ್ನಾಯುಪಟ್ಟಿಗಳು ನಡುವೆ ಬಿರಿದು ದೂರವಾಗುತ್ತವೆ. ವೈದ್ಯರು ಇದನ್ನು ಡಯಾಸ್ಟೇಸಿಸ್ ಎನ್ನುತ್ತಾರೆ. ಸಹಜ ಹೆರಿಗೆಯಾದವರಿಗೂ ಇದು ತಪ್ಪಿದ್ದಲ್ಲ. ಸಿಜೇರಿಯನ್ ಸೇರಿಸುವುದು ಗಾಯದ ಗುರುತನ್ನು. ಅದು ಒಳಪದರಕ್ಕೆ ಅಂಟಿಕೊಂಡು ಎಳೆದಾಗ ಮೇಲಿನ ಚರ್ಮ, ಕೊಬ್ಬು ಮಡಿಕೆಯಾಗಿ ಇಳಿಬೀಳುತ್ತದೆ.

ಬಿರುಕು ಎಷ್ಟಿದೆ ಎಂದು ಮನೆಯಲ್ಲೇ ನೋಡಿಕೊಳ್ಳಬಹುದು. ಅಂಗಾತ ಮಲಗಿ, ಮೊಣಕಾಲು ಮಡಿಸಿ, ಹೊಕ್ಕುಳ ಮೇಲೆ ಬೆರಳುಗಳನ್ನು ಅಡ್ಡಲಾಗಿ ಇಟ್ಟು, ತಲೆಯನ್ನಷ್ಟೇ ನಿಧಾನಕ್ಕೆ ಎತ್ತಬೇಕು. ಎರಡೂ ಬದಿಯ ಸ್ನಾಯು ಗಟ್ಟಿಯಾಗಿ ಬೆರಳಿಗೆ ತಾಗುತ್ತದೆ. ನಡುವೆ ಎರಡು ಬೆರಳಿಗಿಂತ ಹೆಚ್ಚು ಜಾಗವಿದ್ದರೆ ಫಿಸಿಯೋಥೆರಪಿಸ್ಟರನ್ನು ಕಾಣಬೇಕು. ನಾರ್ವೆಯಲ್ಲಿ 300 ಚೊಚ್ಚಲ ತಾಯಂದಿರನ್ನು ಹೀಗೇ ಪರೀಕ್ಷಿಸುತ್ತ ಹೋದರು. ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಹೆರಿಗೆಯಾಗಿ ಆರು ವಾರಕ್ಕೆ ಶೇ. 60 ಮಂದಿಯಲ್ಲಿ ಬಿರುಕಿತ್ತು, ಆರು ತಿಂಗಳಿಗೆ ಶೇ. 45, ವರ್ಷಕ್ಕೆ ಶೇ. 33. ಏನೂ ಕತ್ತರಿಸದೆ ಬರೀ ಕಾಲ ಮಾಡಿದ ಕೆಲಸ ಇದು. ಬಾಣಂತಿಗೆ ಆರನೇ ತಿಂಗಳಲ್ಲಿ ಆಪರೇಷನ್ ದಿನಾಂಕ ಕೊಡುವವರು ತಾನಾಗಿ ಇಳಿಯಬಹುದಾದ ಹೊಟ್ಟೆಯನ್ನೂ ಕೊಯ್ಯುವ ಅಪಾಯವಿದೆ. ಅಜ್ಜಿಯರ ಹೊಟ್ಟೆಕಟ್ಟು ಮೊದಲ ದಿನಗಳ ನೋವು ತಗ್ಗಿಸಬಲ್ಲದು, ಬಿರುಕನ್ನು ಮುಚ್ಚುವುದಿಲ್ಲ. ಆದರೆ ಅವರು ಹೇಳುತ್ತಿದ್ದ ಅವಧಿ ಸರಿಯಾಗಿತ್ತು.

ಕೊಬ್ಬು ಎಂದುಕೊಂಡದ್ದೆಲ್ಲ ಕೊಬ್ಬಾಗಿರುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಕೆಮ್ಮಿದಾಗ ಉಬ್ಬಿ ಬರುವ ಗಂಟು ಹರ್ನಿಯಾ ಇರಬಹುದು. ಹೊಲಿಗೆಯ ಜಾಗದಲ್ಲಿ ಮುಟ್ಟಿನ ದಿನಗಳಲ್ಲೇ ನೋಯುವ ಗಂಟು ಎಂಡೊಮೆಟ್ರಿಯೋಸಿಸ್ ಇರಬಹುದು. ಇವು ಸೌಂದರ್ಯದ ಪ್ರಶ್ನೆಗಳಲ್ಲ. ಹರ್ನಿಯಾ ದುರಸ್ತಿಗೆ ಆರೋಗ್ಯ ವಿಮೆಯ ಹಣ ಸಿಗುತ್ತದೆ, ಟಮ್ಮಿ ಟಕ್‌ಗೆ ಸಿಗುವುದಿಲ್ಲ. ಇವುಗಳ ಮೇಲೆ ಯಾರಾದರೂ ಲೈಪೋಸಕ್ಷನ್ ಕೊಳವೆ ಆಡಿಸಿದರೆ ಅನಾಹುತವಾಗಬಹುದು.

ಇನ್ನು ಆಪರೇಷನ್ನುಗಳ ವಿಷಯ. ಲೈಪೋಸಕ್ಷನ್ ಕೊಬ್ಬನ್ನು ಹೀರುತ್ತದೆ ಅಷ್ಟೇ. ಬಿರಿದ ಸ್ನಾಯುವನ್ನಾಗಲಿ ಜೋತ ಚರ್ಮವನ್ನಾಗಲಿ ಸರಿಪಡಿಸುವುದಿಲ್ಲ, ಎಷ್ಟೋ ಸಲ ಚರ್ಮ ಮತ್ತಷ್ಟು ಸಡಿಲಾಗಿ ಕಾಣುತ್ತದೆ. ಮಿನಿ ಟಮ್ಮಿ ಟಕ್ ಹೊಕ್ಕುಳ ಕೆಳಗಿನ ಭಾಗಕ್ಕೆ ಮಾತ್ರ. ಪೂರ್ತಿ ಟಮ್ಮಿ ಟಕ್‌ನಲ್ಲಿ ಸೊಂಟದ ಒಂದು ಬದಿಯಿಂದ ಇನ್ನೊಂದು ಬದಿಯವರೆಗೆ ಕೊಯ್ದು, ಚರ್ಮವನ್ನು ಎದೆಗೂಡಿನ ತನಕ ಬಿಡಿಸಿ, ಸ್ನಾಯುಗಳನ್ನು ನಡುವೆ ಹೊಲಿದು, ಹೆಚ್ಚಿನ ಚರ್ಮ ಕತ್ತರಿಸಿ, ಹೊಕ್ಕುಳನ್ನು ಹೊಸ ಜಾಗದಲ್ಲಿ ಕೂರಿಸುತ್ತಾರೆ. ಇದು ಸಿಜೇರಿಯನ್‌ಗಿಂತ ದೊಡ್ಡ ಗಾಯ.

ಅಮೆರಿಕದಲ್ಲಿ 25,478 ಟಮ್ಮಿ ಟಕ್‌ಗಳ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಅಲ್ಲಿ ದೊಡ್ಡ ತೊಡಕುಗಳು ಶೇ. 4ರಷ್ಟಿದ್ದವು, ಉಳಿದ ಸೌಂದರ್ಯ ಶಸ್ತ್ರಚಿಕಿತ್ಸೆಗಳಲ್ಲಿ ಶೇ. 1.4 ಮಾತ್ರ. ಲೈಪೋಸಕ್ಷನ್ ಜೊತೆಗೆ ದೇಹದ ಇತರ ಭಾಗಗಳ ತಿದ್ದುಪಡಿಯನ್ನೂ ಒಂದೇ ಸಲಕ್ಕೆ ಮಾಡಿದಾಗ ಅದು ಶೇ. 10ನ್ನು ದಾಟಿತು. ‘ಪ್ಯಾಕೇಜ್’ ಎಂದು ಅಗ್ಗಕ್ಕೆ ಕೊಡುವುದು ಈ ಜೋಡಣೆಯನ್ನೇ. ಅದಕ್ಕಿಂತ ಕೆಟ್ಟದ್ದು ಸಿಜೇರಿಯನ್ ಟೇಬಲ್ಲಿನ ಮೇಲೇ ‘ಹೊಟ್ಟಿನೂ ಸರಿ ಮಾಡಿಬಿಡ್ರಿ’ ಎನ್ನುವುದು. ಗರ್ಭಕೋಶ ಇನ್ನೂ ದೊಡ್ಡದಿರುತ್ತದೆ, ಚರ್ಮ ಬಾತಿರುತ್ತದೆ, ಎಷ್ಟು ಕತ್ತರಿಸಬೇಕೆಂಬ ಅಂದಾಜೇ ಸಿಗುವುದಿಲ್ಲ. ಜೊತೆಗೆ ಹೆರಿಗೆಯಾದ ಮೊದಲ ಆರು ವಾರ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಉಳಿದ ಕಾಲಕ್ಕಿಂತ ಸುಮಾರು ಹತ್ತು ಪಟ್ಟು ಹೆಚ್ಚು. ಹನ್ನೆರಡು ವಾರದವರೆಗೂ ಅದು ಪೂರ್ತಿ ಇಳಿಯುವುದಿಲ್ಲ ಎಂದು ಕ್ಯಾಲಿಫೋರ್ನಿಯಾದ 16 ಲಕ್ಷಕ್ಕೂ ಹೆಚ್ಚು ಬಾಣಂತಿಯರ ದಾಖಲೆಗಳು 2014ರಲ್ಲಿ ತೋರಿಸಿವೆ. ಟಮ್ಮಿ ಟಕ್ ತಾನೇ ಹೆಪ್ಪುಗಟ್ಟುವ ಅಪಾಯ ಹೆಚ್ಚಿಸುವ ಆಪರೇಷನ್. ಎರಡನ್ನೂ ಕೂಡಿಸುವುದು ತಿಳಿದೂ ತಿಳಿದೂ ಬೆಂಕಿಗೆ ಕೈಯಿಟ್ಟಂತೆ.

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನಂಥ ದೂರದ ಊರುಗಳ ಮಾತು ಬರುವುದು ಇಲ್ಲಿ. ಆಪರೇಷನ್ ಆದ ಎರಡು-ಮೂರು ದಿನಕ್ಕೆ ಮನೆಗೆ ಕಳಿಸುತ್ತಾರೆ. ಹೊಟ್ಟೆಯ ಎರಡೂ ಬದಿಯಿಂದ ಇಳಿಬಿದ್ದ ಡ್ರೇನ್ ಕೊಳವೆಗಳ ತುದಿಯಲ್ಲಿ ಪ್ಲಾಸ್ಟಿಕ್ ಬುರುಡೆ; ಅದರಲ್ಲಿ ತುಂಬುವ ಕೆಂಪು ನೀರನ್ನು ಬೆಳಿಗ್ಗೆ-ಸಂಜೆ ಅಳೆದು ಬರೆದಿಡಬೇಕು. ದಿನಕ್ಕೆ ಸುಮಾರು 30 ಮಿಲಿಲೀಟರಿಗಿಂತ ಕಡಿಮೆಯಾಗುವವರೆಗೆ ತೆಗೆಯುವುದಿಲ್ಲ. ತೆಗೆದ ಮೇಲೂ ಚರ್ಮದಡಿ ನೀರು ತುಂಬಿದರೆ ಸೂಜಿಯಿಂದ ಎಳೆಸಲು ಮತ್ತೆ ಮತ್ತೆ ಹೋಗಬೇಕು. ನೆಟ್ಟಗೆ ನಿಲ್ಲಲಾಗದ ಆ ದಿನಗಳಲ್ಲಿ ಕೂಸನ್ನು ಎತ್ತುವಂತಿಲ್ಲ, ಕೊಡ ಹೊರುವಂತಿಲ್ಲ. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಏರುವುದೂ ಬಹಳ ಸಲ ಮನೆಗೆ ಬಂದ ಮೇಲೆಯೇ. ಬೆಳಗಾವಿ ಪಟ್ಟಣದಲ್ಲಿದ್ದರೆ ತೀವ್ರ ನಿಗಾ ಘಟಕವಿರುವ ದೊಡ್ಡ ಆಸ್ಪತ್ರೆ ಅರ್ಧ ಗಂಟೆಯಲ್ಲಿ ಸಿಕ್ಕೀತು. ಖಾನಾಪುರದ ಕಣಕುಂಬಿ, ಜಾಂಬೋಟಿ ಕಡೆಯ ಮಳೆಗಾಲ ಬೇರೆ. 2024ರ ಮಳೆಗಾಲದಲ್ಲಿ ಭೀಮಗಡ ಕಾಡಿನಂಚಿನ ಅಮಗಾಂವ್‌ನಿಂದ ಕಾಯಿಲೆಬಿದ್ದ ಮಹಿಳೆಯೊಬ್ಬರನ್ನು ಊರವರು ಕಟ್ಟಿಗೆಯ ಡೋಲಿ ಮಾಡಿ ಕಿಲೋಮೀಟರುಗಟ್ಟಲೆ ಹೊತ್ತು ತಂದರು. ಶ್ವಾಸಕೋಶಕ್ಕೆ ಹೆಪ್ಪು ಏರಿದವರಿಗೆ ಅಷ್ಟು ಹೊತ್ತು ಇರುವುದಿಲ್ಲ.

ಪಟ್ಟಣವೆಂದ ಮಾತ್ರಕ್ಕೆ ಕ್ಷೇಮವೆಂದೂ ಅಲ್ಲ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಕೊಬ್ಬು ತೆಗೆಸುವ ಚಿಕಿತ್ಸೆಯ ಬೆನ್ನಲ್ಲೇ ತೀರಿಕೊಂಡರು. ಅವರಿಗೆ ಆಗ 21 ವರ್ಷ. ಸ್ಥಿತಿ ಕೆಟ್ಟಾಗ ಬೇರೆ ಆಸ್ಪತ್ರೆಗೆ ಒಯ್ಯಬೇಕಾಯಿತು, ಆ ಕೇಂದ್ರಕ್ಕೆ ಅನುಮತಿ ಇತ್ತೇ ಎಂಬ ಪ್ರಶ್ನೆ ಆಮೇಲೆ ಎದ್ದಿತು. ಅದೇ ವರ್ಷ ರಾಷ್ಟ್ರೀಯ ವೈದ್ಯಕೀಯ ಆಯೋಗ, ಕೂದಲು ಕಸಿಯಂಥ ಸೌಂದರ್ಯ ಚಿಕಿತ್ಸೆಗಳನ್ನು ಯೂಟ್ಯೂಬ್ ನೋಡಿ ಕಲಿತು ಮಾಡಲಾಗದು ಎಂದು ಹೇಳಬೇಕಾಗಿ ಬಂತು.

ಟಮ್ಮಿ ಟಕ್ ಬೇಡುವ ಹೆಣ್ಣನ್ನು ಶೋಕಿಯವಳೆಂದು ಹಳಿಯುವುದು ನನಗೆ ಒಪ್ಪಿಗೆಯಿಲ್ಲ. ಮಡಿಕೆಯಡಿ ಸದಾ ಬೆವರುಹುಣ್ಣು, ಬಿರುಕಿನಿಂದ ಬೆನ್ನುನೋವು, ಕೆಮ್ಮಿದರೆ ಮೂತ್ರ ಜಿನುಗುವ ಸಂಕಟ ಇರುವವರಿದ್ದಾರೆ. ಆಸ್ಟ್ರೇಲಿಯಾದಲ್ಲಿ 214 ಮಹಿಳೆಯರನ್ನು ಗಮನಿಸಿದ ಅಧ್ಯಯನ, ಈ ಆಪರೇಷನ್‌ನಿಂದ ಬೆನ್ನುನೋವೂ ಮೂತ್ರದ ತೊಂದರೆಯೂ ತಗ್ಗಿದ್ದನ್ನು 2018ರಲ್ಲಿ ವರದಿ ಮಾಡಿದೆ. ಹಾಲು ಬಿಡಿಸಿ, ತೂಕ ಒಂದು ಹದಕ್ಕೆ ನಿಂತು, ವ್ಯಾಯಾಮ ಮಾಡಿ ನೋಡಿ, ವರ್ಷ ಕಳೆದ ಮೇಲೆ ಅಂಥವರು ಯೋಚಿಸಲಿ. ರಕ್ತಹೀನತೆ ಇದ್ದರೆ ಅದು ಮೊದಲು ವಾಸಿಯಾಗಲಿ. ರಾಜ್ಯದ ಹೆಚ್ಚುಕಡಿಮೆ ಅರ್ಧದಷ್ಟು ಹೆಣ್ಣುಮಕ್ಕಳಿಗೆ ಅದಿದೆ.

ಬೆಳಗಾವಿಗೆ ಒಂದು ಹೆಮ್ಮೆಯ ಇತಿಹಾಸವಿದೆ. ಹೆರಿಗೆಯ ನಂತರದ ರಕ್ತಸ್ರಾವವನ್ನು ಮಿಸೊಪ್ರೊಸ್ಟಾಲ್ ಮಾತ್ರೆ ಶೇ. 12ರಿಂದ 6.4ಕ್ಕೆ ಇಳಿಸುತ್ತದೆಂದು ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಸಂಶೋಧಕರೂ ಹಳ್ಳಿಗಳ ದಾದಿಯರೂ ಸೇರಿ ಈ ಜಿಲ್ಲೆಯ 1,620 ತಾಯಂದಿರಲ್ಲಿ ತೋರಿಸಿದರು. 2006ರಲ್ಲಿ ಅದು ಲ್ಯಾನ್ಸೆಟ್‌ನಲ್ಲಿ ಅಚ್ಚಾಯಿತು. ಬಾಣಂತಿಯರನ್ನು ಮನೆಬಾಗಿಲಲ್ಲಿ ಎಣಿಸಬಲ್ಲ ಜಿಲ್ಲೆ ಇದು. ಸೌಂದರ್ಯ ಶಸ್ತ್ರಚಿಕಿತ್ಸೆಯ ತೊಡಕುಗಳನ್ನೂ ಎಣಿಸುವ ಕೆಲಸ, ಸಾವುಗಳು ಹೆಚ್ಚುವ ಮೊದಲೇ, ಇಲ್ಲಿಂದ ಆರಂಭವಾಗಲಿ.

ಅಷ್ಟರವರೆಗೆ, ಓದುತ್ತಿರುವ ತಾಯಂದಿರೇ, ಸಹಿ ಹಾಕುವ ಮುನ್ನ ಸರ್ಜನ್‌ರ ಪದವಿ ಪ್ಲಾಸ್ಟಿಕ್ ಸರ್ಜರಿಯದೇ ಎಂದು ಕೇಳಿ, ಖಾಸಗಿ ಆಸ್ಪತ್ರೆಗಳಿಗೆ ಕಡ್ಡಾಯವಾದ ಕೆಪಿಎಂಇ ನೋಂದಣಿ ಪತ್ರ ನೋಡಿ, ಅದೇ ಕಟ್ಟಡದಲ್ಲಿ ತೀವ್ರ ನಿಗಾ ಘಟಕ ಇದೆಯೇ ಎಂದು ವಿಚಾರಿಸಿ. ಊರು ದೂರವಿದ್ದರೆ ಮೊದಲ ಮೂರು ವಾರ ಬೆಳಗಾವಿಯಲ್ಲೇ ಬಂಧುಗಳ ಮನೆಯಲ್ಲಿರಿ, ಮಳೆಗಾಲದಲ್ಲಂತೂ ಮಾಡಿಸಿಕೊಳ್ಳಲೇಬೇಡಿ. ಆಪರೇಷನ್ ಆದ ಮೇಲೆ ಒಂದೇ ಕಾಲು ಬಾತು ನೋಯುತ್ತಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಏಕಾಏಕಿ ಉಸಿರು ಕಟ್ಟಿದರೆ, ಎದೆ ಹಿಡಿದರೆ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ.