ಕಾಫಿ ಕೈಮಿಷನ್ನಿನ ಬೇರಿಂಗ್ ಸದ್ದು: ಕಾರಣ ಮತ್ತು ದುರಸ್ತಿ

ಕಾಫಿ ಮಂಡಳಿಯ ಪೂಲ್ ಪದ್ಧತಿ ಇದ್ದಷ್ಟು ಕಾಲ ಬೆಳೆಗಾರನು ತನ್ನ ಕಾಫಿಯ ರುಚಿ ತಾನೇ ನೋಡಲೇಬೇಕೆಂಬ ಅಗತ್ಯವಿರಲಿಲ್ಲ. ಆ ಪದ್ಧತಿ 1996ರ ಹೊತ್ತಿಗೆ ಪೂರ್ತಿ ಕೊನೆಗೊಂಡಿತು. ಈಗ ಮಾರುವವನೂ ನಾವೇ, ಬೆಲೆ ಮಾತಾಡುವವನೂ ನಾವೇ. ಆದ್ದರಿಂದ ಅನೇಕ ಸದಸ್ಯರು ಮನೆಯಲ್ಲೇ ಒಂದು ಹಿಡಿ ಬೀಜ ಹುರಿದು, ಕೈಮಿಷನ್ನಿನಲ್ಲಿ ಪುಡಿ ಮಾಡಿ, ಕುಡಿದು ನೋಡುತ್ತಾರೆ. ಇದು ಒಳ್ಳೆಯ ಅಭ್ಯಾಸ. ಆದರೆ ಆ ಮಿಷನ್ನು ಕಿರುಗುಟ್ಟುತ್ತಿದ್ದರೆ ಬರುವ ತೀರ್ಪನ್ನು ನಂಬುವಂತಿಲ್ಲ.

ಏಕೆಂದರೆ ಬೇರಿಂಗ್ ಸವೆದಾಗ ನಡುವಿನ ಶಾಫ್ಟು ಓಲಾಡುತ್ತದೆ. ತಿರುಗುವ ಒಳಹಲ್ಲು, ನಿಂತಿರುವ ಹೊರಹಲ್ಲಿಗೆ ಒಂದು ಕಡೆ ಹತ್ತಿರವಾಗಿ ಇನ್ನೊಂದು ಕಡೆ ದೂರವಾಗುತ್ತದೆ. ಒಂದೇ ಬಾರಿಗೆ ನುಣ್ಣನೆಯ ಹುಡಿಯೂ ದಪ್ಪ ತರಿಯೂ ಬೀಳುತ್ತವೆ. ಹುಡಿ ಅತಿಯಾಗಿ ಸಾರ ಬಿಟ್ಟು ಕಹಿಯಾಗುತ್ತದೆ. ತರಿ ಸಾರ ಬಿಡದೆ ಹುಳಿಯಾಗಿ, ಸಪ್ಪೆಯಾಗಿ ಉಳಿಯುತ್ತದೆ. ದೋಷ ಮಿಷನ್ನಿನದು, ಹೆಸರು ಕೆಡುವುದು ತೋಟದ್ದು.

ಸದ್ದಿನ ಮೂಲ ಹುಡುಕುವ ಕ್ರಮ

ಸದ್ದೆಲ್ಲವೂ ಬೇರಿಂಗಿನದಲ್ಲ. ಬಿಚ್ಚುವ ಮೊದಲು ಹೀಗೆ ಪರೀಕ್ಷಿಸತಕ್ಕದ್ದು:

1. ಹಿಡಿಕೆಯ ತುದಿಯ ಗುಂಡನ್ನು ಮಾತ್ರ ಬೆರಳಿನಿಂದ ತಿರುಗಿಸಿ. ಕಿರುಗುಟ್ಟಿದರೆ ಅಲ್ಲಿನ ಮೊಳೆಗೆ ಒಂದು ಹನಿ ಎಣ್ಣೆ ಸಾಕು.

2. ಬೀಜ ತೆಗೆದು, ಹಲ್ಲುಗಳು ತಾಗದಂತೆ ಹೊಂದಿಸುವ ತಿರುಪನ್ನು ಸಡಿಲಿಸಿ ತಿರುಗಿಸಿ. ಸದ್ದು ನಿಂತರೆ ಹಲ್ಲುಗಳು ಒಂದಕ್ಕೊಂದು ಉಜ್ಜುತ್ತಿದ್ದವು ಎಂದರ್ಥ. ಒಂದೊಂದು ಸುತ್ತಿನಲ್ಲೂ ಒಂದೇ ಜಾಗದಲ್ಲಿ ಉಜ್ಜುತ್ತಿದ್ದರೆ ಶಾಫ್ಟು ನಡು ತಪ್ಪಿರಬಹುದು.

3. ಹಲ್ಲುಗಳು ತಾಗದಿದ್ದರೂ ಸದ್ದು ಉಳಿದರೆ ಬೇರಿಂಗನ್ನು ನೋಡಬೇಕು. ಶಾಫ್ಟಿನ ತುದಿ ಹಿಡಿದು ಅಕ್ಕಪಕ್ಕಕ್ಕೆ ಅಲ್ಲಾಡಿಸಿ. ಲಟಲಟ ಎಂದರೆ ಸವೆದಿದೆ. ಅಲ್ಲಾಡದೆ ಕೀಚಲು ಸದ್ದು ಬಂದರೆ ಒಣಗಿದೆ. ಮರಳು ಅರೆದಂತಿದ್ದರೆ ಒಳಗೆ ಕಸ ಸೇರಿದೆ.

ಹಳೆಯ ಮಿಷನ್ನು: ಬುಷ್ಷು

ಮೇಜಿನ ಅಂಚಿಗೋ ಗೋಡೆಗೋ ಬಿಗಿಯುವ ಹಳೆಯ ಎರಕದ ಮಿಷನ್ನುಗಳಲ್ಲಿ ಸಾಮಾನ್ಯವಾಗಿ ಗುಂಡಿನ ಬೇರಿಂಗ್ ಇರುವುದಿಲ್ಲ. ಶಾಫ್ಟು ಒಂದು ಬುಷ್ಷಿನಲ್ಲಿ ಅಥವಾ ಬರಿಯ ರಂಧ್ರದಲ್ಲಿ ತಿರುಗುತ್ತದೆ. ಕಾಫಿಯ ಎಣ್ಣೆ ಹಳತಾಗಿ ಅಂಟಾಗುತ್ತದೆ, ಅದಕ್ಕೆ ಹುಡಿ ಕೂಡಿ ಸಾಣೆಯಂತೆ ಕೆಲಸ ಮಾಡುತ್ತದೆ. ಬಿಚ್ಚುವಾಗ ವಾಷರ್, ಸ್ಪ್ರಿಂಗುಗಳನ್ನು ಬಂದ ಕ್ರಮದಲ್ಲೇ ಸಾಲಾಗಿ ಇಡಿ. ಒಣ ಬ್ರಷ್ಷಿನಿಂದ ಹುಡಿ ತೆಗೆದು, ಸ್ಪಿರಿಟ್ಟಿನಲ್ಲಿ ನೆನೆದ ಬಟ್ಟೆಯಿಂದ ಜಿಡ್ಡು ಒರೆಸಿ, ಪೂರ್ತಿ ಆರಿದ ಮೇಲೆ ಒಂದೆರಡು ಹನಿ ಎಣ್ಣೆ ಬಿಟ್ಟು ಜೋಡಿಸಿ. ಆಮೇಲೂ ಅಲ್ಲಾಟ ಉಳಿದರೆ ಲೇತ್ ಅಂಗಡಿಯಲ್ಲಿ ಶಾಫ್ಟಿನ ಅಳತೆಗೆ ಹೊಸ ಕಂಚಿನ ಬುಷ್ಷು ಮಾಡಿಸಬಹುದು. ಸೀಸವಿಲ್ಲದ ಲೋಹವೇ ಬೇಕೆಂದು ಮೊದಲೇ ಹೇಳಿ; ಇದು ಬಾಯಿಗೆ ಹೋಗುವ ಪದಾರ್ಥದ ಮಿಷನ್ನು.

ಹೊಸ ಮಿಷನ್ನು: ಗುಂಡಿನ ಬೇರಿಂಗ್

ಉಕ್ಕಿನ ಕೊಳವೆಯಂತಿರುವ ಹೊಸ ಮಿಷನ್ನುಗಳಲ್ಲಿ ಸಾಮಾನ್ಯವಾಗಿ ಮೇಲೊಂದು ಕೆಳಗೊಂದು ಗುಂಡಿನ ಬೇರಿಂಗ್ ಇರುತ್ತದೆ. ಇವುಗಳ ಬಾಯಿ ಮುಚ್ಚಿರುವುದರಿಂದ ದ್ರಾವಣದಲ್ಲಿ ಅದ್ದಬಾರದು. ಅದ್ದಿದರೆ ಒಳಗಿನ ಗ್ರೀಸು ತೊಳೆದುಹೋಗಿ ಸದ್ದು ಹೆಚ್ಚುತ್ತದೆ. ಕೆಟ್ಟದ್ದನ್ನು ಬದಲಿಸುವುದೇ ಲೇಸು.

ಬೇರಿಂಗಿನ ಅಂಚಿನಲ್ಲಿ ಸಂಖ್ಯೆ ಕೊರೆದಿರುತ್ತದೆ. 608 ಎಂದಿದ್ದರೆ ಒಳವ್ಯಾಸ 8 ಮಿ.ಮೀ., ಹೊರವ್ಯಾಸ 22 ಮಿ.ಮೀ., ದಪ್ಪ 7 ಮಿ.ಮೀ. ಮಕ್ಕಳ ಸ್ಕೇಟಿಂಗ್ ಚಕ್ರದಲ್ಲಿರುವುದೂ ಸಾಮಾನ್ಯವಾಗಿ ಇದೇ. 6001 ಆದರೆ 12, 28 ಮತ್ತು 8 ಮಿ.ಮೀ. ಸಂಖ್ಯೆಯ ಮುಂದೆ 'ಝಡ್‌ಝಡ್' ಎಂದಿದ್ದರೆ ಎರಡೂ ಕಡೆ ತಗಡಿನ ಮುಚ್ಚಳ, '2ಆರ್‌ಎಸ್' ಎಂದಿದ್ದರೆ ರಬ್ಬರಿನ ಮುಚ್ಚಳ. ಕಾಫಿ ಹುಡಿಯನ್ನು ತಡೆಯಲು ರಬ್ಬರಿನದು ಉತ್ತಮ. ಈ ಅಳತೆಗಳು ಎಲ್ಲ ತಯಾರಕರಲ್ಲೂ ಒಂದೇ ಆದ್ದರಿಂದ ಮಿಷನ್ನು ಮಾಡಿದ ಕಂಪನಿಯನ್ನೇ ಕಾಯಬೇಕಾಗಿಲ್ಲ. ಮೋಟಾರ್ ರಿಪೇರಿಯ ಸಾಮಾನು ಮಾರುವವರಲ್ಲಿ ವಿಚಾರಿಸಿ.

ಕೂರಿಸುವಾಗ ಒಂದು ನಿಯಮ ಮುಖ್ಯ. ಮಿಷನ್ನಿನ ಗೂಡಿಗೆ ಕೂರಿಸುವುದಾದರೆ ಬೇರಿಂಗಿನ ಹೊರಬಳೆಯನ್ನು ಒತ್ತಬೇಕು. ಶಾಫ್ಟಿಗೆ ಏರಿಸುವುದಾದರೆ ಒಳಬಳೆಯನ್ನು. ಇದು ತಿರುವುಮುರುವಾದರೆ, ಅಥವಾ ಸುತ್ತಿಗೆಯಿಂದ ಹೊಡೆದರೆ, ಗುಂಡುಗಳು ಓಡುವ ದಾರಿಯಲ್ಲಿ ಗುಳಿ ಬಿದ್ದು ಹೊಸ ಬೇರಿಂಗೂ ಮೊದಲ ದಿನವೇ ಸದ್ದು ಮಾಡುತ್ತದೆ.

ಯಾವ ಎಣ್ಣೆ?

ಅಡುಗೆ ಎಣ್ಣೆ ಬೇಡ. ಅದು ಕ್ರಮೇಣ ಅಂಟಾಗುತ್ತದೆ. ಸೀಮೆಎಣ್ಣೆಯ ವಾಸನೆ ಪುಡಿಗೆ ಹತ್ತುತ್ತದೆ. ವಾಹನಗಳ ಗ್ರೀಸು ಹೊಟ್ಟೆಗೆ ಹೋಗತಕ್ಕ ವಸ್ತುವಲ್ಲ. ಆಹಾರ ಯಂತ್ರಗಳಿಗೆಂದೇ ಇರುವ 'ಎಚ್1' ದರ್ಜೆಯ ಎಣ್ಣೆ ಅಥವಾ ಗ್ರೀಸು ಸರಿಯಾದದ್ದು. ಅದು ಸಿಗದಿದ್ದಲ್ಲಿ ಔಷಧದ ಅಂಗಡಿಯಲ್ಲಿ ಸಿಗುವ, ವಾಸನೆಯಿಲ್ಲದ ಲಿಕ್ವಿಡ್ ಪ್ಯಾರಫಿನ್ ಬುಷ್ಷಿಗೆ ಆಗುತ್ತದೆ. ಹನಿಯ ಲೆಕ್ಕದಲ್ಲಿ ಬಳಸಿ, ಹೊರಗೆ ಬಂದದ್ದನ್ನು ಒರೆಸಿ, ಮೊದಲ ಹಿಡಿ ಪುಡಿಯನ್ನು ಚೆಲ್ಲಿಬಿಡಿ.

ಮತ್ತೆ ಕೆಡದಿರಲು

ಕಣದಲ್ಲಿ ಒಣಗಿಸಿದ ಬೀಜದ ಜೊತೆ ಸಣ್ಣ ಕಲ್ಲು ಬರುವುದುಂಟು. ಹುರಿಯುವ ಮೊದಲೇ ಆರಿಸಿ. ಕಡಿಮೆ ಹುರಿದ ಬೀಜ ಗಟ್ಟಿ. ಅದನ್ನು ನಿಧಾನವಾಗಿ ಅರೆಯಿರಿ. ಮಿಷನ್ನಿಗೆ ನೀರು ತೋರಿಸಬೇಡಿ. ಸ್ವಚ್ಛ ಮಾಡಲೆಂದು ಹಸಿ ಅಕ್ಕಿ ಹಾಕಿ ತಿರುಗಿಸುವುದೂ ಬೇಡ. ಅಕ್ಕಿಯ ಗಡಸುತನದಿಂದ ಶಾಫ್ಟು, ಬೇರಿಂಗುಗಳ ಮೇಲೆ ಭಾರ ಬೀಳುತ್ತದೆ. ಬಳಸಿದ ಮೇಲೆ ಒಣ ಬ್ರಷ್ಷು ಆಡಿಸಿದರೆ ಸಾಕು.

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಂಡರಂತೆ ಎಂಬ ಮಾತಿದೆ. ಮೊದಲ ಕಿರುಗು ಕೇಳಿದ ದಿನವೇ ಬಿಚ್ಚಿ ನೋಡಿದರೆ ಒಂದೆರಡು ಹನಿ ಎಣ್ಣೆಯಲ್ಲಿ ಮುಗಿಯುವ ಕೆಲಸ. ಈ ಸಲ ಸ್ಯಾಂಪಲ್ ಹುರಿಯುವ ಮುನ್ನ ಸದಸ್ಯ ಬಾಂಧವರು ಖಾಲಿ ಮಿಷನ್ನನ್ನು ಒಂದು ಹತ್ತು ಸುತ್ತು ತಿರುಗಿಸಿ, ಕಿವಿಗೊಟ್ಟು ಕೇಳಬೇಕಾಗಿ ವಿನಂತಿ.