ಜಾತಿಯ ಲೆಕ್ಕವೂ ಮತದಾರನ ಮನಸ್ಸೂ

ಚುನಾವಣೆ ಬಂತೆಂದರೆ ಅರಳಿಕಟ್ಟೆಯಿಂದ ಹಿಡಿದು ಪತ್ರಿಕಾ ಕಚೇರಿಯವರೆಗೆ ಮೊದಲು ಕೇಳಿಬರುವ ಪ್ರಶ್ನೆ ಒಂದೇ: ಈ ಕ್ಷೇತ್ರದಲ್ಲಿ ಯಾವ ಜಾತಿಯವರು ಎಷ್ಟು ಮಂದಿ? ಅದಕ್ಕೆ ಉತ್ತರ ದೊರೆತರೆ ಫಲಿತಾಂಶವೂ ದೊರೆತಂತೆಯೇ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಈ ನಂಬಿಕೆ ಎಷ್ಟರಮಟ್ಟಿಗೆ ಸತ್ಯ? ಮತದಾರನ ಒಲವು ಬದಲಾದಾಗ ಅವನ ಮನಸ್ಸಿನಲ್ಲಿದ್ದ ಪೂರ್ವಗ್ರಹವೂ ಬದಲಾಗುತ್ತದೆಯೇ? ಇದನ್ನು ವಿಚಾರ ಮಾಡುವುದಕ್ಕೆ ಚನ್ನಪಟ್ಟಣ ತಾಲ್ಲೂಕಿಗಿಂತ ಹೆಚ್ಚು ಉಚಿತವಾದ ನಿದರ್ಶನ ನಮಗೆ ತೋರುವುದಿಲ್ಲ. ವಿರೂಪಾಕ್ಷಿಪುರ, ಮಳೂರು ಮತ್ತು ಕಸಬಾ ಹೋಬಳಿಗಳ ಈ ನಾಡು ರೇಷ್ಮೆಗೂ ಮರದ ಬೊಂಬೆಗೂ ಹೆಸರಾದದ್ದು. ಇತ್ತೀಚಿನ ವರ್ಷಗಳಲ್ಲಿ ಇಡೀ ರಾಜ್ಯ ಕಣ್ಣಿಟ್ಟು ನೋಡಿದ ಚುನಾವಣೆಗಳಿಗೂ ಅದು ಹೆಸರಾಯಿತು.

ಟಿಕೆಟಿಗಾಗಿ ನಡೆದ ಪೈಪೋಟಿ

2018ರ ಚುನಾವಣೆಯಲ್ಲಿ ಚನ್ನಪಟ್ಟಣದಿಂದ ಜಾತ್ಯತೀತ ಜನತಾದಳದ ಶ್ರೀ ಎಚ್.ಡಿ. ಕುಮಾರಸ್ವಾಮಿಯವರು ಭಾರತೀಯ ಜನತಾ ಪಕ್ಷದ ಶ್ರೀ ಸಿ.ಪಿ. ಯೋಗೇಶ್ವರ್ ಅವರನ್ನು 21,530 ಮತಗಳಿಂದ ಸೋಲಿಸಿದರು. 2023ರಲ್ಲಿಯೂ ಇವರಿಬ್ಬರೇ ಎದುರಾಳಿಗಳು. ಅಂತರ 15,915ಕ್ಕೆ ಇಳಿಯಿತಾದರೂ ಗೆಲುವು ಕುಮಾರಸ್ವಾಮಿಯವರದೇ ಆಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಈ ಎರಡು ಪಕ್ಷಗಳು ಮೈತ್ರಿ ಮಾಡಿಕೊಂಡವು. ಎರಡು ಬಾರಿ ಹಳ್ಳಿ ಹಳ್ಳಿಯಲ್ಲಿ ಎದುರು ಬದುರಾಗಿ ನಿಂತಿದ್ದ ಕಾರ್ಯಕರ್ತರು ಒಂದೇ ಪಂಕ್ತಿಯಲ್ಲಿ ಕುಳಿತುಕೊಳ್ಳಬೇಕಾಯಿತು.

2024ರಲ್ಲಿ ಕುಮಾರಸ್ವಾಮಿಯವರು ಮಂಡ್ಯದಿಂದ ಲೋಕಸಭೆಗೆ ಆಯ್ಕೆಯಾಗಿ ಕೇಂದ್ರ ಸಚಿವರಾದಾಗ ಚನ್ನಪಟ್ಟಣದ ಸ್ಥಾನ ತೆರವಾಯಿತು. ಮೈತ್ರಿಕೂಟದ ಅಭ್ಯರ್ಥಿ ಯಾರಾಗಬೇಕೆಂಬ ಪ್ರಶ್ನೆ ತಿಂಗಳುಗಟ್ಟಲೆ ನಡೆಯಿತು. ಆಗ ವಿಧಾನ ಪರಿಷತ್ತಿನ ಸದಸ್ಯರಾಗಿದ್ದ ಯೋಗೇಶ್ವರ್ ಅವರು ಟಿಕೆಟ್ ತಮಗೇ ಸಲ್ಲಬೇಕೆಂದರು. ಸ್ಥಾನ ತಮ್ಮದೆಂದು ಜನತಾದಳ ಹೇಳಿತು. ಮಾತುಕತೆಗಳು ಬೆಂಗಳೂರಿನಲ್ಲಿ ನಡೆದವು, ದೆಹಲಿಯಲ್ಲಿ ನಡೆದವು. ಚನ್ನಪಟ್ಟಣದ ಮತದಾರನನ್ನು ಕೇಳುವ ವ್ಯವಸ್ಥೆ ಮಾತ್ರ ಎಲ್ಲಿಯೂ ಇರಲಿಲ್ಲ. ಅಕ್ಟೋಬರ್ 21ರಂದು ಯೋಗೇಶ್ವರ್ ಅವರು ಪರಿಷತ್ ಸದಸ್ಯತ್ವಕ್ಕೆ ರಾಜೀನಾಮೆ ಕೊಟ್ಟು, ಒಂದು ದಿನದ ಅಂತರದಲ್ಲಿ ಕಾಂಗ್ರೆಸ್ ಸೇರಿ ಅದರ ಅಭ್ಯರ್ಥಿಯಾದರು. ಮೈತ್ರಿಕೂಟದಿಂದ ಕುಮಾರಸ್ವಾಮಿಯವರ ಪುತ್ರ ಶ್ರೀ ನಿಖಿಲ್ ನಿಂತರು. 91 ವರ್ಷ ವಯಸ್ಸಿನ ಮಾಜಿ ಪ್ರಧಾನಿ ಶ್ರೀ ಎಚ್.ಡಿ. ದೇವೇಗೌಡರೇ ಮೊಮ್ಮಗನ ಪರವಾಗಿ ಹಳ್ಳಿಗಳಲ್ಲಿ ಸಂಚರಿಸಿದರು.

ನವೆಂಬರ್ 13ರಂದು ಶೇಕಡಾ 88ಕ್ಕೂ ಹೆಚ್ಚು ಮತದಾರರು ಮತ ಚಲಾಯಿಸಿದರು. 23ರಂದು ಎಣಿಕೆಯಾದಾಗ ಯೋಗೇಶ್ವರ್ ಅವರಿಗೆ 1,12,642, ನಿಖಿಲ್ ಅವರಿಗೆ 87,229 ಮತಗಳು ಬಂದಿದ್ದವು. ಅಂತರ 25,413.

ಒಲವು ಹರಿದ ಬಗೆ

ಈ ಫಲಿತಾಂಶವನ್ನು ಅದಕ್ಕೆ ಏಳು ತಿಂಗಳ ಹಿಂದಿನ ಚುನಾವಣೆಯ ಫಲಿತಾಂಶದ ಪಕ್ಕದಲ್ಲಿಟ್ಟು ನೋಡಬೇಕು. 2024ರ ಏಪ್ರಿಲ್ 26ರಂದು ನಡೆದ ಲೋಕಸಭಾ ಚುನಾವಣೆಯಲ್ಲಿ, ಚನ್ನಪಟ್ಟಣವೂ ಸೇರಿರುವ ಬೆಂಗಳೂರು ಗ್ರಾಮಾಂತರ ಕ್ಷೇತ್ರದಲ್ಲಿ, ಮೈತ್ರಿಕೂಟದ ಅಭ್ಯರ್ಥಿ ಹೃದ್ರೋಗ ತಜ್ಞ ಡಾ. ಸಿ.ಎನ್. ಮಂಜುನಾಥ್ ಅವರು ಕಾಂಗ್ರೆಸ್ಸಿನ ಶ್ರೀ ಡಿ.ಕೆ. ಸುರೇಶ್ ಅವರನ್ನು 2,69,647 ಮತಗಳಿಂದ ಪರಾಭವಗೊಳಿಸಿದ್ದರು. ಅದೇ ನಾಡಿನಲ್ಲಿ, ಅದೇ ವರ್ಷದಲ್ಲಿ, ಒಲವು ಇತ್ತಣಿಂದ ಅತ್ತ ಹರಿಯಿತು. ಎರಡು ಚುನಾವಣೆಗಳಲ್ಲಿಯೂ ಗೆದ್ದವರು ಒಕ್ಕಲಿಗರು, ಸೋತವರೂ ಒಕ್ಕಲಿಗರು. ಒಕ್ಕಲಿಗರು ಬಹುಸಂಖ್ಯೆಯಲ್ಲಿರುವ ಕ್ಷೇತ್ರವೆಂಬ ಒಂದೇ ಸೂತ್ರದಿಂದ ಇದನ್ನು ವಿವರಿಸಲು ಸಾಧ್ಯವಿಲ್ಲ.

ಯೋಗೇಶ್ವರ್ ಅವರ ರಾಜಕೀಯ ಜೀವನವೇ ಈ ಮಾತಿಗೆ ಸಾಕ್ಷಿ. 1999ರಲ್ಲಿ ಅವರು ಪಕ್ಷೇತರರಾಗಿ ಗೆದ್ದರು. 2004 ಮತ್ತು 2008ರಲ್ಲಿ ಕಾಂಗ್ರೆಸ್ಸಿನಿಂದ. 2011ರ ಉಪಚುನಾವಣೆಯಲ್ಲಿ ಭಾರತೀಯ ಜನತಾ ಪಕ್ಷದಿಂದ. 2013ರಲ್ಲಿ ಸಮಾಜವಾದಿ ಪಕ್ಷದಿಂದ. ನಡುವೆ 2009ರ ಉಪಚುನಾವಣೆಯಲ್ಲಿ ಪಕ್ಷ ಬದಲಿಸಿ ನಿಂತಾಗ ಇದೇ ಜನ ಅವರನ್ನು ಸೋಲಿಸಿಯೂ ಇದ್ದರು. ಪಕ್ಷಾಂತರವನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಈ ಮತದಾರನು ಪಕ್ಷದ ಗುರುತಿಗೆ ಕಟ್ಟುಬಿದ್ದವನಲ್ಲ ಎಂಬುದು ನಿರ್ವಿವಾದ. ಇಗ್ಗಲೂರಿನಲ್ಲಿ ಶಿಂಷೆಗೆ ಕಟ್ಟಿದ ಅಣೆಕಟ್ಟಿನಿಂದ ನೀರೆತ್ತಿ ಬತ್ತಿದ ಕೆರೆಗಳನ್ನು ತುಂಬಿಸಿದ ಕೆಲಸವೇ ಅವರಿಗೆ ದೊಡ್ಡ ಬಲವಾಯಿತೆಂದು ಅಲ್ಲಿಯ ರೈತರು ಹೇಳುತ್ತಾರೆ. ಆ ಅಣೆಕಟ್ಟಿಗೆ ದೇವೇಗೌಡರ ಹೆಸರಿದೆ. ನೀರಿನ ಕೀರ್ತಿ ಯಾರಿಗೆ ಸಲ್ಲಬೇಕೆಂದು ಎರಡೂ ಕಡೆಯವರು ವಾದಿಸುತ್ತ ಬಂದಿದ್ದಾರೆ. ಕೆರೆ ತುಂಬಿದವನ ಮಾತನ್ನು ಜನ ಕೇಳುತ್ತಾರೆ ಎಂಬುದನ್ನು ಇಬ್ಬರೂ ಒಪ್ಪಿದಂತಾಯಿತು.

ಆಡಬಾರದ ಮಾತುಗಳು

ಅಭಿವೃದ್ಧಿಯ ಮಾತಿನಲ್ಲಿಯೇ ಪ್ರಚಾರ ಮುಗಿದಿದ್ದರೆ ಈ ಲೇಖನದ ಅಗತ್ಯ ಇರುತ್ತಿರಲಿಲ್ಲ. ಪ್ರಚಾರದ ಕೊನೆಯ ದಿನಗಳಲ್ಲಿ ಸಚಿವ ಶ್ರೀ ಜಮೀರ್ ಅಹಮದ್ ಖಾನ್ ಅವರು ಕುಮಾರಸ್ವಾಮಿಯವರ ಮೈಬಣ್ಣವನ್ನು ಹಿಡಿದು ಮಾತನಾಡಿದರು. ಹಳೆಯ ಸ್ನೇಹದ ಸಲುಗೆಯ ಮಾತೆಂದು ಸಮರ್ಥನೆ ಬಂತು; ಬಳಿಕ ಅವರು ಕ್ಷಮೆಯನ್ನೂ ಕೇಳಿದರು. ಅದೇ ದಿನಗಳಲ್ಲಿ ರೈತರ ಪಹಣಿಗಳಲ್ಲಿ ವಕ್ಫ್ ಹೆಸರು ಸೇರಿದ ವಿವಾದ ರಾಜ್ಯದಾದ್ಯಂತ ಎದ್ದಿತ್ತು. ಭೂಮಿಯ ಬಗ್ಗೆ ರೈತನ ಆತಂಕ ನ್ಯಾಯವಾದದ್ದು. ನೋಟಿಸುಗಳನ್ನು ಹಿಂಪಡೆಯುವಂತೆ ಸರ್ಕಾರವೂ ಸೂಚಿಸಿತು. ಆದರೆ ಕಚೇರಿಯ ಕಾಗದದ ಪ್ರಶ್ನೆಯನ್ನು ನೆರೆಮನೆಯವನ ಮತದ ಪ್ರಶ್ನೆಯನ್ನಾಗಿ ಮಾಡಿ ಮಾತನಾಡಿದವರೂ ಇದ್ದರು. ಒಬ್ಬರು ಬಣ್ಣವನ್ನು ಹಿಡಿದರು, ಕೆಲವರು ಧರ್ಮವನ್ನು ಹಿಡಿದರು. ಮನುಷ್ಯನನ್ನು ಅವನ ನಡತೆಯಿಂದಲ್ಲದೆ ಹುಟ್ಟಿನಿಂದ ಅಳೆಯುವುದು ಎರಡರಲ್ಲಿಯೂ ಸಮಾನವಾಗಿತ್ತು.

ದೂರದ ಒಂದು ನಿದರ್ಶನ

ಅಭ್ಯರ್ಥಿಯನ್ನು ಆರಿಸುವ ಅಧಿಕಾರ ಮುಖಂಡರ ಕೈಯಲ್ಲಿರುವುದರಿಂದಲೇ ಜಾತಿಯ ಲೆಕ್ಕ ನಡೆಯುತ್ತದೆ, ಸಾಮಾನ್ಯ ಜನರಿಗೇ ಆ ಅಧಿಕಾರ ಕೊಟ್ಟರೆ ಇದು ತಪ್ಪುತ್ತದೆ ಎಂದು ಕೆಲವರು ವಾದಿಸುತ್ತಾರೆ. ಅಮೆರಿಕದಲ್ಲಿ ಅಂಥ ವ್ಯವಸ್ಥೆ ಇದೆ. ಅಲ್ಲಿ ಅಧ್ಯಕ್ಷ ಪದವಿಗೆ ತಮ್ಮ ಪಕ್ಷದಿಂದ ಯಾರು ನಿಲ್ಲಬೇಕೆಂಬುದನ್ನು ಒಂದೊಂದು ರಾಜ್ಯದಲ್ಲಿ ಮತದಾರರೇ ನಿರ್ಧರಿಸುತ್ತಾರೆ.

ಸಂಪ್ರದಾಯನಿಷ್ಠರ ಪಕ್ಷವೆನಿಸಿದ ರಿಪಬ್ಲಿಕನ್ ಪಕ್ಷದಲ್ಲಿ 2008ರ ಚುನಾವಣೆಗೆ ಮಿಟ್ ರಾಮ್ನಿ ಎಂಬವರು ಸ್ಪರ್ಧಿಸಿದರು. ಅವರು ಮಾರ್ಮನ್ ಪಂಥದವರು. ಆ ಪಂಥದವರು ನಿಜವಾದ ಕ್ರೈಸ್ತರೇ ಅಲ್ಲವೆಂದು ಭಾವಿಸುವ ಮತದಾರರು ಪಕ್ಷದಲ್ಲಿ ಬಹಳ ಮಂದಿ ಇದ್ದರು. 2007ರ ಡಿಸೆಂಬರಿನಲ್ಲಿ ರಾಮ್ನಿಯವರು ತಮ್ಮ ಶ್ರದ್ಧೆಯ ಬಗ್ಗೆ ಸಾರ್ವಜನಿಕವಾಗಿ ವಿವರಣೆ ಕೊಡಬೇಕಾಗಿ ಬಂತು. ಮುಂದಿನ ತಿಂಗಳು ಮೊದಲ ಮತದಾನ ನಡೆದ ಅಯೋವಾ ರಾಜ್ಯದಲ್ಲಿ ಬ್ಯಾಪ್ಟಿಸ್ಟ್ ಪಾದ್ರಿಯಾಗಿದ್ದ ಹಕಬಿ ಗೆದ್ದರು. 2012ರಲ್ಲಿ ರಾಮ್ನಿ ಮತ್ತೆ ನಿಂತಾಗ ಒಲವು ವಾರದಿಂದ ವಾರಕ್ಕೆ ಓಲಾಡಿತು: ಅಯೋವಾದಲ್ಲಿ ಸ್ಯಾಂಟೋರಮ್, ನ್ಯೂ ಹ್ಯಾಂಪ್‌ಷೈರಿನಲ್ಲಿ ರಾಮ್ನಿ, ದಕ್ಷಿಣ ಕೆರೊಲಿನಾದಲ್ಲಿ ಗಿಂಗ್ರಿಚ್. ಕೊನೆಗೆ ರಾಮ್ನಿಯವರೇ ಅಭ್ಯರ್ಥಿಯಾದರು. ನವೆಂಬರಿನ ಚುನಾವಣೆಯಲ್ಲಿ, ಅವರ ಪಂಥವನ್ನು ಅನುಮಾನಿಸುತ್ತಿದ್ದ ಆ ಸಂಪ್ರದಾಯಸ್ಥರಲ್ಲಿ ಬಹುಪಾಲು ಜನ ಅವರಿಗೇ ಮತ ನೀಡಿದರು. ಎದುರು ಪಕ್ಷದ ಒಬಾಮಾ ಅವರು ಬೇಡವಾಗಿದ್ದರು, ಆದ್ದರಿಂದ ಇವರು ಬೇಕಾದರು.

ಇಲ್ಲಿ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ಆರಿಸುವ ಅಧಿಕಾರ ಮುಖಂಡನ ಕೈಯಿಂದ ಜನರ ಕೈಗೆ ಬಂದ ಮಾತ್ರಕ್ಕೆ ಪೂರ್ವಗ್ರಹ ನಾಶವಾಗದು. ಎರಡನೆಯದು, ಮತ ಗೆರೆ ದಾಟಿದ ಮಾತ್ರಕ್ಕೆ ಮನಸ್ಸೂ ದಾಟಿತೆಂದು ಹೇಳಲಾಗದು. ಅನುಕೂಲಕ್ಕಾಗಿ ಬದಿಗಿಟ್ಟ ಪೂರ್ವಗ್ರಹವು ಅಟ್ಟದ ಮೇಲಿಟ್ಟ ಪಾತ್ರೆಯಂತೆ. ಬೇಕೆನಿಸಿದ ದಿನ ಅದು ಮತ್ತೆ ಕೆಳಗಿಳಿಯುತ್ತದೆ.

ಗೆರೆ ದಾಟಿದ ಮತಗಳು

ಹಾಗೆಂದು ಗೆರೆ ದಾಟುವುದನ್ನು ಅಲ್ಪವೆಂದು ತಿಳಿಯಬಾರದು. ಚನ್ನಪಟ್ಟಣದ ನೆರೆಯ ಕನಕಪುರದಲ್ಲಿಯೂ ಒಕ್ಕಲಿಗರೇ ಬಹುಸಂಖ್ಯಾತರು. ಆ ಕ್ಷೇತ್ರದ ಜನ ಮರಾಠ ಸಮುದಾಯದ ಶ್ರೀ ಪಿ.ಜಿ.ಆರ್. ಸಿಂಧ್ಯಾ ಅವರನ್ನು 1980ರ ದಶಕದಿಂದ 2004ರವರೆಗೆ ಮತ್ತೆ ಮತ್ತೆ ಆರಿಸಿ ಕಳುಹಿಸಿದರು. 1989ರಲ್ಲಿ ಅಲ್ಲಿ ಸೋತವರಲ್ಲಿ ದೇವೇಗೌಡರೂ ಒಬ್ಬರು. ಸಿಂಧ್ಯಾ ಅವರ ಜಾತಿಯ ಮನೆಗಳನ್ನು ಎಣಿಸಿ ಟಿಕೆಟ್ ಕೊಡುವುದಾಗಿದ್ದರೆ ಅವರಿಗೆ ಒಮ್ಮೆಯೂ ಟಿಕೆಟ್ ಸಿಗುತ್ತಿರಲಿಲ್ಲ. ರಾಮನಗರದಲ್ಲಿ 2023ರಲ್ಲಿ ಕಾಂಗ್ರೆಸ್ಸಿನ ಶ್ರೀ ಎಚ್.ಎ. ಇಕ್ಬಾಲ್ ಹುಸೇನ್ ಅವರು ನಿಖಿಲ್ ಅವರನ್ನು 10,715 ಮತಗಳಿಂದ ಸೋಲಿಸಿದರು. ಮುಸಲ್ಮಾನರ ಮತಗಳಿಂದ ಮಾತ್ರ ಇದು ಆಗುವ ಮಾತಲ್ಲ.

ನಮ್ಮ ಸಮಾಜಕ್ಕೆ ಇನ್ನೂ ಹತ್ತಿರದ ನಿದರ್ಶನ ಶಿಗ್ಗಾವಿಯದು. ಚನ್ನಪಟ್ಟಣದ ಎಣಿಕೆಯ ದಿನವೇ ಆ ಉಪಚುನಾವಣೆಯ ಫಲಿತಾಂಶವೂ ಬಂತು. ಲಿಂಗಾಯತರು ಬಹುಸಂಖ್ಯೆಯಲ್ಲಿರುವ ಆ ಕ್ಷೇತ್ರವನ್ನು 2008ರಿಂದ ನಾಲ್ಕು ಬಾರಿ ಶ್ರೀ ಬಸವರಾಜ ಬೊಮ್ಮಾಯಿಯವರು ಗೆದ್ದಿದ್ದರು. ಅವರ ಪುತ್ರ ಶ್ರೀ ಭರತ್ ಅವರನ್ನು ಕಾಂಗ್ರೆಸ್ಸಿನ ಶ್ರೀ ಯಾಸಿರ್ ಅಹಮದ್ ಖಾನ್ ಪಠಾಣ್ ಅವರು 13,448 ಮತಗಳಿಂದ ಸೋಲಿಸಿದರು. ಹಿಂದಿನ ವರ್ಷ ಇದೇ ಪಠಾಣ್ ಅವರು ತಂದೆಯ ಎದುರು 35 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತಿದ್ದರು. ಗೋವಿಂದ ಭಟ್ಟರ ಶಿಷ್ಯರಾದ ಶರೀಫರು ಬಾಳಿದ ಶಿಶುನಾಳವಿರುವುದು ಇದೇ ತಾಲ್ಲೂಕಿನಲ್ಲಿ. ಅಲ್ಲಿ ಯಾರು ಗೆದ್ದರು, ಯಾವ ಪಕ್ಷ ಸೋತಿತು ಎಂಬುದು ನಮಗೆ ಮುಖ್ಯವಲ್ಲ; ನಮ್ಮವರು ನಮ್ಮವರಿಗೇ ಕೊಡುತ್ತಾರೆಂಬ ಹಳೆಯ ಸೂತ್ರ ಅಲ್ಲಿ ನಿಲ್ಲಲಿಲ್ಲ ಎಂಬುದಷ್ಟೇ ಮುಖ್ಯ.

ನಮ್ಮ ಸಮಾಜದ ಒಲವು

ಲಿಂಗಾಯತರ ಮತವೂ ಎಂದೂ ನಿಂತ ನೀರಲ್ಲ. 1989ರಲ್ಲಿ ಶ್ರೀ ವೀರೇಂದ್ರ ಪಾಟೀಲರ ನಾಯಕತ್ವದಲ್ಲಿ ಕಾಂಗ್ರೆಸ್ 178 ಸ್ಥಾನ ಗಳಿಸಿತು. 1990ರಲ್ಲಿ, ಕಾಯಿಲೆಯಲ್ಲಿದ್ದ ಅವರನ್ನು ಪದವಿಯಿಂದ ಇಳಿಸಿದ ರೀತಿ ಸಮಾಜಕ್ಕೆ ನೋವುಂಟುಮಾಡಿತು. 1994ರಲ್ಲಿ ಆ ಪಕ್ಷ 34 ಸ್ಥಾನಗಳಿಗೆ ಇಳಿಯಿತು. ಬೇರೆ ಕಾರಣಗಳೂ ಇದ್ದವು, ಆದರೆ ಆ ನೋವು ಅವುಗಳಲ್ಲಿ ಪ್ರಮುಖವಾಗಿತ್ತು. ಶ್ರೀ ಬಿ.ಎಸ್. ಯಡಿಯೂರಪ್ಪನವರು ಬೇರೆ ಪಕ್ಷ ಕಟ್ಟಿದಾಗ 2013ರಲ್ಲಿ ಭಾರತೀಯ ಜನತಾ ಪಕ್ಷ 110ರಿಂದ 40ಕ್ಕೆ ಕುಸಿಯಿತು. ಅವರ ಹೊಸ ಪಕ್ಷಕ್ಕೂ ದೊರೆತದ್ದು 6 ಸ್ಥಾನ ಮಾತ್ರ. 2023ರಲ್ಲಿ ಟಿಕೆಟ್ ತಪ್ಪಿದ ಶ್ರೀ ಜಗದೀಶ ಶೆಟ್ಟರ್ ಅವರು ಕಾಂಗ್ರೆಸ್ ಸೇರಿ ಹುಬ್ಬಳ್ಳಿಯಲ್ಲಿ ನಿಂತು ಸೋತರು. ಹಳೆಯ ಪಕ್ಷಕ್ಕೆ ಮರಳಿ 2024ರಲ್ಲಿ ಬೆಳಗಾವಿಯಿಂದ ಲೋಕಸಭೆಗೆ ಗೆದ್ದರು. ಯೋಗೇಶ್ವರ್ ಅವರು ಗೆರೆ ದಾಟಿ ಗೆದ್ದರು, ಶೆಟ್ಟರ್ ಅವರು ಗೆರೆ ದಾಟಿ ಸೋತರು. ನಾಯಕನು ಹೋದ ಕಡೆ ಸಮಾಜವೂ ಮಂದೆಯಂತೆ ಹಿಂಬಾಲಿಸುತ್ತದೆಂಬ ಮಾತು ಎರಡು ಕಡೆಯಲ್ಲಿಯೂ ಸುಳ್ಳಾಯಿತು.

ಚನ್ನಪಟ್ಟಣ, ಮಾಗಡಿ, ಕನಕಪುರಗಳ ಹಳ್ಳಿಗಳಲ್ಲಿ ನಮ್ಮ ಸಮಾಜದ ಮನೆಗಳು ಸಂಖ್ಯೆಯಲ್ಲಿ ಹೆಚ್ಚಿಲ್ಲ. ಉತ್ತರದ ಜಿಲ್ಲೆಗಳಲ್ಲಿ ಜಾತಿಯ ಲೆಕ್ಕ ಹಾಕಿದಾಗ ನಮಗೆ ಸಿಗುವ ಮರ್ಯಾದೆ ಇಲ್ಲಿ ಸಿಗುವುದಿಲ್ಲ. ಎಣಿಕೆಯೇ ಮುಖ್ಯವಾದರೆ ವಿರೂಪಾಕ್ಷಿಪುರದ ಜಂಗಮರ ಮನೆಗೆ, ಅದರಂತೆಯೇ ಅಲ್ಲಿಯ ಕುಂಬಾರನ, ಮಡಿವಾಳನ, ಬೊಂಬೆ ಮಾಡುವ ಕುಶಲಕರ್ಮಿಯ ಮನೆಗೆ ಬೆಲೆಯೇ ಇಲ್ಲದಂತಾಗುತ್ತದೆ. ಒಂದೂರಿನಲ್ಲಿ ಹೆಚ್ಚಾಗಿರುವವರು ಇನ್ನೊಂದೂರಿನಲ್ಲಿ ಕಡಿಮೆಯಾಗಿರುತ್ತಾರೆ. ಹೆಚ್ಚಾಗಿರುವಲ್ಲಿ ನಾವು ಹಾಕುವ ಲೆಕ್ಕವನ್ನೇ ಕಡಿಮೆಯಾಗಿರುವಲ್ಲಿ ನಮ್ಮ ಮೇಲೆ ಇತರರು ಹಾಕುತ್ತಾರೆ ಎಂಬುದನ್ನು ನಮ್ಮ ಹಿರಿಯರು ಮರೆಯಬಾರದು.

ಮನೆಯಲ್ಲಿ ಆಗಬೇಕಾದ ಕೆಲಸ

ನಾವು ಮಠದಲ್ಲಿ ಓದುತ್ತಿದ್ದ ಕಾಲದಲ್ಲಿ ಪ್ರಸಾದದ ಪಂಕ್ತಿಯಲ್ಲಿ ಕುಳಿತವರ ಕುಲವನ್ನು ಯಾರೂ ಕೇಳುತ್ತಿರಲಿಲ್ಲ. ರಜೆಯಲ್ಲಿ ಊರಿಗೆ ಮರಳಿದಾಗ ಮಾತ್ರ ಅದೇ ಹುಡುಗರು ಬೇರೆ ಬೇರೆ ಕೇರಿಗಳಿಗೆ ಹೋಗುತ್ತಿದ್ದರು. ಪಂಕ್ತಿಯಲ್ಲಿ ಕಲಿತದ್ದು ಹೊಸ್ತಿಲ ಬಳಿಯೇ ನಿಲ್ಲುತ್ತಿತ್ತು. ಮತಗಟ್ಟೆಯ ಸರತಿಯೂ ಅಂಥದೊಂದು ಪಂಕ್ತಿ. ಅಲ್ಲಿ ಎಲ್ಲರ ಬೆರಳಿಗೂ ಹಚ್ಚುವುದು ಒಂದೇ ಶಾಯಿ. ಅಲ್ಲಿಂದ ಮನೆಗೆ ಬಂದ ಮೇಲೆ ನಾವು ಆಡುವ ಮಾತೇನು ಎಂಬುದೇ ನಿಜವಾದ ಪರೀಕ್ಷೆ.

ಆದುದರಿಂದ ಓದುಗ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ. ಮನೆಯಲ್ಲಿ ಚುನಾವಣೆಯ ಮಾತು ಬಂದಾಗ ಅಭ್ಯರ್ಥಿಯ ಜಾತಿಯನ್ನು ಕೇಳುವ ಮೊದಲು ಅವನು ಕೆರೆಗೆ, ಶಾಲೆಗೆ, ರಸ್ತೆಗೆ ಏನು ಮಾಡಿದನೆಂದು ಕೇಳಿರಿ. ಯಾರ ಮೈಬಣ್ಣವನ್ನೂ ಕುಲವನ್ನೂ ಧರ್ಮವನ್ನೂ ಹಿಡಿದು ಮಕ್ಕಳೆದುರು ಹಾಸ್ಯ ಮಾಡಬೇಡಿರಿ. ದೊಡ್ಡವರು ಸಲುಗೆಯೆಂದು ಆಡಿದ ಮಾತನ್ನು ಮಕ್ಕಳು ಸತ್ಯವೆಂದು ಕಲಿಯುತ್ತಾರೆ. ಸಮಾಜದ ಮತಗಳನ್ನೆಲ್ಲ ಒಟ್ಟಾಗಿ ಕೊಡಿಸುತ್ತೇವೆಂದು ಯಾರಾದರೂ ಮುಖಂಡರು ಹೊರಟರೆ, ನಮ್ಮ ಮನೆಯ ಮತ ನಮ್ಮದೆಂದು ವಿನಯದಿಂದ ತಿಳಿಸಿರಿ. ಮನೆಯ ಹೆಣ್ಣುಮಕ್ಕಳ ಮತ ಅವರದು, ಅದನ್ನು ಯಜಮಾನನು ನಿರ್ಧರಿಸುವಂತಿಲ್ಲ ಎಂಬುದನ್ನೂ ನೆನಪಿಡಿರಿ.

ಒಲವು ಐದು ವರ್ಷಕ್ಕೊಮ್ಮೆ ಬದಲಾಗಬಹುದು. ಚನ್ನಪಟ್ಟಣದಲ್ಲಾದಂತೆ ಏಳೇ ತಿಂಗಳಲ್ಲಿಯೂ ಬದಲಾಗಬಹುದು. ಅದು ಪ್ರಜೆಯ ಹಕ್ಕು. ಪೂರ್ವಗ್ರಹ ಹೋಗುವುದಕ್ಕೆ ಮಾತ್ರ ತಲೆಮಾರುಗಳು ಬೇಕು. ಆ ಕೆಲಸ ಯಾವ ಪಕ್ಷದ ಕಚೇರಿಯಲ್ಲಿಯೂ ಆಗುವುದಿಲ್ಲ. ನಮ್ಮ ನಮ್ಮ ಮನೆಗಳಲ್ಲಿ, ಊಟದ ಹೊತ್ತಿನ ಮಾತಿನಲ್ಲಿಯೇ ಅದು ಆರಂಭವಾಗಬೇಕು.