ಡ್ರಮ್ಮಿನ ರಸ, ತರಗಿನ ರಸ

ನೀಲಗಿರಿ ತೋಪಿನೊಳಗೆ ಮೇವು ಹುಟ್ಟುವುದಿಲ್ಲ ಅನ್ನುವುದು ನಾಗಮಂಗಲದ ಕಡೆ ಕುರಿ ಕಾಯುವ ಹುಡುಗರಿಗೂ ಗೊತ್ತು. ಶ್ರೀರಂಗಪಟ್ಟಣದಲ್ಲಿ ಕೂತು ಆಳಿದ ಟಿಪ್ಪು 1790ರ ಸುಮಾರಿಗೆ ಈ ಮರವನ್ನು ನಂದಿಬೆಟ್ಟದಲ್ಲಿ ನೆಡಿಸಿದ ಅನ್ನುತ್ತಾರೆ. ನೀರು ಕುಡಿಯುತ್ತದೆಂದು ನಾವು ಅದನ್ನು ಬೈದದ್ದೇ ಬೈದದ್ದು. ತೋಪು ಬೋಳಾಗಲು ಇನ್ನೊಂದು ಕಾರಣವೂ ಇದೆ. ಉದುರಿದ ಎಲೆಯ ಎಣ್ಣೆ ಮತ್ತು ಮಳೆಗೆ ನೆಂದು ಇಳಿಯುವ ಒಗರು ರಸ ಸಣ್ಣ ಬೀಜಗಳನ್ನು ಮೊಳೆಯಲು ಬಿಡುವುದಿಲ್ಲ.

ಕೆ.ಆರ್. ಪೇಟೆಯ ನನ್ನ ಭಾವಮೈದ ಹಿಡಿದುಕೊಂಡಿದ್ದು ಇದನ್ನೇ. ತೆಂಗಿನ ತೋಟದ ಸಾವಯವ ಪ್ರಮಾಣಪತ್ರ ಉಳಿಯಬೇಕಾದರೆ ಅಂಗಡಿಯ ಕಳೆನಾಶಕ ಮುಟ್ಟುವಂತಿಲ್ಲ. ಕಳೆ ಕೀಳಲು ಆಳು ಸಿಗುವುದಿಲ್ಲ. ನೀಲಗಿರಿ ಸೊಪ್ಪು ಜಜ್ಜಿ, ಡ್ರಮ್ಮಿನಲ್ಲಿ ಗಂಜಲದ ಜೊತೆ ಕೊಳೆಹಾಕಿ, ಸೋಸಿ, ಬಿಸಿಲೇರುವ ಹೊತ್ತಿಗೆ ಹೊಡೆದ. "ಕಳೆಯೆಲ್ಲ ಸುಟ್ಟೋಗೈತೆ, ಬಂದು ನೋಡಿ ಭಾವ" ಅಂತ ಫೋನು. ಹೋದೆ. ಎರಡೆಲೆ, ನಾಲ್ಕೆಲೆಯ ಸಸಿಗಳೆಲ್ಲ ಕಂದಿ ನೆಲಕ್ಕೆ ಅಂಟಿದ್ದವು, ನಿಜ. ಕೊನ್ನಾರಿ ಹುಲ್ಲಿನ ಗರಿಯೂ ಕರಟಿತ್ತು. ಆದರೆ ಒಂದು ಬುಡಕ್ಕೆ ಕುಡುಗೋಲಿನ ಮೊನೆ ಹಾಕಿ ಎಬ್ಬಿದರೆ ಕಪ್ಪು ಗೆಡ್ಡೆ. ಉಗುರಲ್ಲಿ ಕೆರೆದರೆ ಒಳಗೆ ಬೆಳ್ಳಗೆ, ಗಟ್ಟಿಯಾಗಿದೆ. ಪಕ್ಕದಲ್ಲೇ ಸೂಜಿಯಂಥ ಹೊಸ ಮೊಳಕೆ.

ಇಂಥ ರಸ ಎಲೆಯ ಮೇಲಿನ ಮೇಣದ ಪದರ ಕರಗಿಸಿ ತಾಗಿದ ಜಾಗವನ್ನು ಒಣಗಿಸುತ್ತದೆ, ಅಷ್ಟೇ. ಬೇರಿಗೆ ಇಳಿಯುವುದಿಲ್ಲ. ಬೆಳೆ, ಕಳೆ ಎಂಬ ಭೇದವೂ ಅದಕ್ಕಿಲ್ಲ. ರಾಗಿ ಸಾಲಿನ ಅಣ್ಣೆಸೊಪ್ಪು ಸಾರಿಗೆ ಬೇಕು ಅಂದರೆ ಕೇಳುವುದಿಲ್ಲ. ಕೆಲವರು ಇದಕ್ಕೆ ಕಲ್ಲುಪ್ಪು ಸೇರಿಸುತ್ತಾರೆ. ದಯವಿಟ್ಟು ಬೇಡ. ಉಪ್ಪು ಕೊಳೆಯುವ ವಸ್ತುವಲ್ಲ, ಮಣ್ಣಲ್ಲೇ ಕೂರುತ್ತದೆ. ನಾಲೆ ನೀರು ನಿಂತು ಚೌಳಾದ ಗದ್ದೆಗಳು ನಮ್ಮ ಜಿಲ್ಲೆಯಲ್ಲಿ ಈಗಿರುವುದೇ ಸಾಕು.

ಹಾಗಂತ ಗಿಡದ ರಸ ಪೊಳ್ಳಲ್ಲ. 1977ರಲ್ಲಿ ಕ್ಯಾಲಿಫೋರ್ನಿಯಾದ ವಿಜ್ಞಾನಿಯೊಬ್ಬರು ಬಾಟಲ್ ಬ್ರಷ್ ಗಿಡದಡಿ ಕಳೆ ಕಮ್ಮಿ ಇರುವುದನ್ನು ಕಂಡರು. ಅದರ ರಸದೊಳಗಿನ ಲೆಪ್ಟೋಸ್ಪರ್ಮೋನನ್ನೇ ಮಾದರಿಯಾಗಿಟ್ಟುಕೊಂಡು ಮೆಕ್ಕೆಜೋಳಕ್ಕೆ ಹೊಡೆಯುವ ಮೆಸೊಟ್ರಿಯೋನ್ ತಯಾರಾಯಿತು. ಕಾರ್ಖಾನೆಯಲ್ಲಿ ಹುಟ್ಟಿದ್ದರಿಂದ ಸಾವಯವದವರಿಗೆ ಅದು ದಕ್ಕುವುದಿಲ್ಲ. ನಮ್ಮ ಕೈಗೆಟುಕುವುದು ಜೋಳ. ಅದರ ಬೇರಿನ ಕೂದಲಿಂದ ಜಿನುಗುವ ಸಾರ್ಗೋಲಿಯೋನ್ ಎಳೆ ಕಳೆಯ ಆಹಾರ ತಯಾರಿಕೆಯನ್ನೇ ನಿಲ್ಲಿಸುತ್ತದೆ. ಪಾಕಿಸ್ತಾನದ ಫೈಸಲಾಬಾದ್ ಕೃಷಿ ವಿಶ್ವವಿದ್ಯಾಲಯದವರು ಕತ್ತರಿಸಿದ ಒಣ ಜೋಳದ ದಂಟನ್ನು, ಕಿಲೋಗೆ 10 ಲೀಟರ್ ನೀರಿನಂತೆ, 24 ಗಂಟೆ ನೆನೆಸಿ ಗೋಧಿ ಹೊಲಕ್ಕೆ ಸಿಂಪಡಿಸಿದರು. ಕಳೆ ತಗ್ಗಿತು, ಪೂರ್ತಿ ಹೋಗಲಿಲ್ಲ.

ನನ್ನ ಕೇಳಿದರೆ ರಸ ತೆಗೆಯುವ ಕೆಲಸವನ್ನು ನೆಲಕ್ಕೇ ಬಿಡಬೇಕು. ಪಾಂಡವಪುರ, ಶ್ರೀರಂಗಪಟ್ಟಣದ ನಾಲೆ ಬಯಲಲ್ಲಿ ಕಬ್ಬು ಕಡಿದ ಮೇಲೆ ತರಗಿಗೆ ಬೆಂಕಿ ಇಡುತ್ತಾರೆ. ಅದನ್ನೇ ಕೂಳೆ ಕಬ್ಬಿನ ಸಾಲುಗಳ ನಡುವೆ ದಪ್ಪಗೆ ಹರವಿದರೆ ಬೆಳಕು ತಡೆಯುತ್ತದೆ. ಪ್ರತಿ ನೀರಿಗೂ ನೆಂದು ಫೆರುಲಿಕ್ ಆಮ್ಲದಂಥ ಮೊಳಕೆ ತಡೆಯುವ ಅಂಶ ಬಿಡುತ್ತದೆ. ಪಂಪಿಲ್ಲ, ಸೋಸುವುದಿಲ್ಲ. ಬೀಜದಿಂದ ಹುಟ್ಟುವ ಕಳೆಗೆ ಇದು ಸಾಕು. ಕೊನ್ನಾರಿ ಮಾತ್ರ ತರಗನ್ನೂ ಚುಚ್ಚಿಕೊಂಡು ಮೇಲೇಳುತ್ತದೆ. ಬೇಸಿಗೆಯಲ್ಲಿ ಉತ್ತು ಗೆಡ್ಡೆಯನ್ನು ಬಿಸಿಲಿಗೆ ಒಣಗಿಸದೆ ಬೇರೆ ದಾರಿಯಿಲ್ಲ. ಭಾವಮೈದ ಈಗ ಡ್ರಮ್ಮಿನ ರಸವನ್ನು ಬೇಲಿ ಬದಿಯ ಎಳೆ ಸಸಿಗಳಿಗಷ್ಟೇ ಹೊಡೆಯುತ್ತಾನೆ.